ತಿಪ್ಪೆಯ ಜ್ವರ ನೋಡುತ್ತಿದ್ದ ಮಾವ

ನಮ್ಮ ಸೋದರಮಾವನಿಗೆ ಜೀವಕ್ಕಿಂತ ಹೆಚ್ಚಿನದು ಒಂದಿತ್ತು ಎಂದರೆ ಅತ್ತೆ ನಾಚಿಕೊಳ್ಳಬೇಕಿತ್ತು. ಅತ್ತೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಏಕೆಂದರೆ ಅದು ಚಿನ್ನದ ಗಣಿಯ ಊರಾದ ಊರಿಗಾಮಿನ ಕಸದ ತಿಪ್ಪೆ!

ಐವತ್ತರ ದಶಕದಲ್ಲಿ ಮಾವನಿಗೆ ಆ ತಿಪ್ಪೆ ಕಾಯುವ ಕೆಲಸ. ತಿಪ್ಪೆಯನ್ನು ಯಾರು ಕದಿಯುತ್ತಾರೆ ಎಂದು ನಗಬೇಡಿ. ಗಣಿ ಕಾರ್ಮಿಕರ ಸಾಲುಮನೆಗಳ, ಅಂದರೆ ಲೈನಿನ ಹೆಂಗಸರು ಒಲೆಯ ಬೂದಿಯನ್ನು ಕೆಂಡ ಆರುವ ಮೊದಲೇ ತಂದು ಸುರಿಯುತ್ತಿದ್ದರು. ಆ ಕೆಂಡ ಕಸದೊಳಗೆ ಇಳಿದು, ಮೇಲೆ ಹೊಗೆಯೂ ಕಾಣದಂತೆ ತಿಂಗಳುಗಟ್ಟಲೆ ಉರಿಯುತ್ತಿತ್ತು. ಒಮ್ಮೆ ಮೇಯಲು ಬಂದ ಎಮ್ಮೆಯ ಕಾಲು ಕುಸಿದು ಬೆಂದೇ ಹೋಗಿತ್ತು. ಲೈನಿನ ಮಕ್ಕಳ ಕಾಲುದಾರಿ ಇದ್ದದ್ದೂ ಅದರ ಮೇಲೆಯೇ. ಅದಕ್ಕೇ ಮಾವ ದಿನವೂ ಬರಿಗಾಲಲ್ಲಿ ತಿಪ್ಪೆಯನ್ನೆಲ್ಲ ತುಳಿದು, ಬಿಸಿ ತಗುಲಿದಲ್ಲಿ ಬುಟ್ಟಿಗಟ್ಟಲೆ ಮಣ್ಣು ಹಾಕಿ ಬೆಂಕಿಯ ಉಸಿರು ಕಟ್ಟಿಸುತ್ತಿದ್ದರು. ಇಲ್ಲಿ ಮುಚ್ಚಿದರೆ ಅಲ್ಲಿ ಬಿಸಿ, ಅಲ್ಲಿ ಮುಚ್ಚಿದರೆ ಮತ್ತೆ ಇಲ್ಲಿ. ನೆನೆದರೆ ಕೂತಲ್ಲೇ ನನಗೆ ಸುಸ್ತಾಗುತ್ತದೆ!

"ಬೆಂಕೀಗೆ ಗಾಳಿ ಕೊಡ್ಬಾರ್ದು ಕಣ್ಲಾ" ಎನ್ನುವುದೇ ಅವರ ವೇದಾಂತ. ಒಳ್ಳೆಯ ಮಾತು, ಆದರೆ ಅದನ್ನು ತಿಪ್ಪೆಯಲ್ಲೇ ಬಿಟ್ಟು ಬರಬಾರದೇ? ಮನೆಯಲ್ಲಿ ಅತ್ತೆ ಊದುಗೊಳವೆ ಎತ್ತಿದರೆ ಸಾಕು, ಕೈ ಹಿಡಿದುಬಿಡುವರು.

"ಊದ್ಬ್ಯಾಡ ಕಣೇ!"

"ಊದ್ದೆ ಇದ್ರೆ ಮುದ್ದೇನ ನಿನ್ ತಿಪ್ಪೇಲಿ ಬೇಯಿಸ್ಲೇನಯ್ಯಾ?"

ಕ್ಯಾಸಂಬಳ್ಳಿಯ ರೈತರು ಗೊಬ್ಬರಕ್ಕೆಂದು ಗಾಡಿ ಕಟ್ಟಿಕೊಂಡು ಬಂದು ತಿಪ್ಪೆ ಅಗೆದರೆ ಗುಂಡಿಯೊಳಗೆ ಗಾಳಿ ನುಗ್ಗುತ್ತದಲ್ಲ, ಮಾವ ಗುದ್ದಲಿಯ ಎದುರೇ ಮಲಗಿಬಿಡುತ್ತಿದ್ದರು. "ಏಳಣ್ಣೋ, ರಾಗಿಗೆ ಗೊಬ್ರ ಬೇಕು" ಎಂದರೆ, "ನನ್ ಮ್ಯಾಲೇ ಬಿತ್ಕೋ ಓಗು!"

ಇನ್ನು ಬಂಗಾರಪೇಟೆಯಲ್ಲಿ ನಡೆದ ಮಗಳ ಮದುವೆ. ಮಾವ ಕೋಟು ಹಾಕಿ ಗಂಭೀರವಾಗಿ ಬಂದದ್ದು ನೋಡಿ ಎಲ್ಲರಿಗೂ ನೆಮ್ಮದಿ. ಅಡಿಗೆಯವರು ದೊಡ್ಡ ಒಲೆಗೆ ಮೊರದಿಂದ ಗಾಳಿ ಬೀಸಿದ್ದೇ ತಡ, ಅಭ್ಯಾಸಬಲ ನೋಡಿ, ಒಂದು ಬುಟ್ಟಿ ಮಣ್ಣು ಒಲೆಗೆ! ಬೀಗರು ಆ ಹೊತ್ತು ಬಾಳೆಹಣ್ಣು ತಿಂದು ನೀರು ಕುಡಿದರು.

ಅರವತ್ತರ ದಶಕ ಬರುವಷ್ಟರಲ್ಲಿ ಮಾವನ ಪಾದ ಸುಟ್ಟು ಸುಟ್ಟು ಮರಗಟ್ಟಿತು. ಒಂದು ಸಂಜೆ ಮನೆಗೆ ಬಂದಾಗ ಅಂಗಾಲೆಲ್ಲ ಬೊಬ್ಬೆ, ಅವರಿಗೆ ಗೊತ್ತೇ ಇಲ್ಲ! ಅತ್ತೆ ತೋರಿಸಿದ ಮೇಲೆ ಜಗುಲಿಯಲ್ಲಿ ಕುಸಿದು ಕೂತರು.

"ಬಿಸಿ ಗೊತ್ತಾಗಲ್ವಲ್ಲೇ ನಂಗೆ. ಯಾವ್ ಮಗ ಎಲ್ಲಿ ಕಾಲಿಡ್ತದೋ."

ಮರುದಿನ ಬೆಳಿಗ್ಗೆ ಅತ್ತೆ, ತಿಪ್ಪೆಯ ಹೆಸರೆತ್ತಿದರೆ ಸೆರಗನ್ನು ಮೂಗಿಗೆ ಒತ್ತುತ್ತಿದ್ದ ಅದೇ ಅತ್ತೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ತಿಪ್ಪೆ ಹತ್ತಿದರು. ಹಿಂದೆ ಮಣ್ಣಿನ ಬುಟ್ಟಿ ಹೊತ್ತ ಮಾವ, ಅವರ ಹಿಂದೆ ನಾನು.

"ಇಲ್ಲಿ ಬಿಸಿ, ಮಣ್ಣಾಕು... ಇಲ್ಲಿ ತಣ್ಗೈತೆ, ಬಾ... ಅಬ್ಬಾ, ಸುಡ್ತದೆ!"

ಮಾವ ಬುಟ್ಟಿ ಬಿಸಾಡಿ ಓಡಿದರು. ಅತ್ತೆಯನ್ನು ಕಲ್ಲಿನ ಮೇಲೆ ಕೂರಿಸಿ, ಅವರ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು, ಲೈನಿನವರೆಲ್ಲ ನೋಡುತ್ತಿರುವಾಗಲೇ ಉಫ್ ಉಫ್ ಎಂದು ಊದತೊಡಗಿದರು.

"ಊದ್ಬಾರ್ದು ಅಂತಿದ್ಯಲ್ಲಯ್ಯಾ" ಎಂದರು ಅತ್ತೆ.

ಮಾವ ತಲೆ ಎತ್ತಲಿಲ್ಲ. ಊದುತ್ತಲೇ ಇದ್ದರು.