ಹಾಯಿ ದರ್ಜಿಯ ಕ್ಯಾಸೆಟ್ಟು

ಕೆಲವರಿಗೆ ಲಾಟರಿ ಹೊಡೆಯುತ್ತದೆ, ನನಗೆ ಇಂಥವು ಆಗುತ್ತಿರುತ್ತವೆ. ತೊಂಬತ್ತರ ದಶಕದಲ್ಲಿ ಕತಾರಿನಲ್ಲಿ ಇದ್ದಷ್ಟು ದಿನವೂ ಆದವು. ಆಗ ನಗು ಬಂದರೆ ಹೇಳಿಕೊಳ್ಳಲು ಹೆಂಡತಿ ಹತ್ತಿರ ಇರಲಿಲ್ಲ. ಅದಕ್ಕೇ ಈಗ ನಿಮ್ಮನ್ನು ಹಿಡಿದಿದ್ದೇನೆ.

೧. ಒಳಗೆ ಬಿಟ್ಟ ಬಟ್ಟೆ

ಉಡುಪಿಯಲ್ಲಿ ನನ್ನದು ಟೈಲರ್ ಅಂಗಡಿ. ದೋಹಾದ ಕ್ಲಬ್ಬೊಂದಕ್ಕೆ ಟೈಲರ್ ಬೇಕಂತೆ ಎಂದು ಏಜೆಂಟ್ ಹೇಳಿದಾಗ, ಶೇಖ್‌ಗಳಿಗೆ ಕೋಟು ಹೊಲಿಯುವ ಕನಸು ಕಾಣುತ್ತ ವಿಮಾನ ಹತ್ತಿದೆ. ಮಗಳಿಗೆ ಆಗಷ್ಟೇ ಎರಡು ತುಂಬಿತ್ತು. ರಜೆ ಎರಡು ವರ್ಷ ಕಳೆದ ಮೇಲೆ. ಹೋಗಿ ನೋಡಿದರೆ ಅದು ಹಾಯಿದೋಣಿಗಳ ಕ್ಲಬ್ಬು. ಮೊದಲ ದಿನವೇ ಒಂದು ಹರಿದ ಹಾಯಿಯನ್ನು ನನ್ನ ಮುಂದೆ ಹರಡಿದರು. ನಮ್ಮ ಮನೆಯ ಅಂಗಳದಷ್ಟಿತ್ತು.

ಅಲ್ಲಿಯ ಕೋಚ್ ಯುರೋಪಿನವರು. ಒಬ್ಬರೇ ನಡೆಸುವ ದೋಣಿಯ ಪಂದ್ಯದಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದವರು. ಎಲ್ಲರಿಗೂ ಅವರು ಚಾಂಪಿಯನ್. ನಾನು ಹೊಲಿದ ಹಾಯಿಯನ್ನು ಬೆಳಕಿಗೆ ಹಿಡಿದು, "ಅಂಚಿನಲ್ಲಿ ಎರಡಿಂಚು ಬಟ್ಟೆ ಯಾಕೆ ಮಡಚಿದ್ದೀಯ?" ಎಂದು ಕೇಳಿದರು.

"ಮುಂದಿನ ವರ್ಷ ಬಿಗಿ ಆದರೆ ಬಿಚ್ಚಿ ಬಿಡಬಹುದು ಸಾರ್. ನಮ್ಮಲ್ಲಿ ಎಲ್ಲದಕ್ಕೂ ಬಿಡುತ್ತೇವೆ."

"ಹಾಯಿ ದಪ್ಪ ಆಗುವುದಿಲ್ಲ," ಎಂದರು. ಆಮೇಲೆ ಸ್ವಲ್ಪ ಹೊತ್ತು ತಮ್ಮ ಹೊಟ್ಟೆಯನ್ನೇ ನೋಡಿಕೊಂಡರು. ಮರುದಿನ ನಾಲ್ಕು ಪ್ಯಾಂಟು ತಂದು ನನ್ನ ಮೇಜಿನ ಮೇಲಿಟ್ಟರು. ಅವರ ದೇಶದ ಟೈಲರ್ ಅರ್ಧ ಇಂಚೂ ಬಿಟ್ಟಿರಲಿಲ್ಲ!

೨. ಒಬ್ಬರೇ ಹೋದರೆ

ದೋಹಾದ ಬಿನ್ ಮಹಮೂದ್ ಬಡಾವಣೆಯ ಫ್ಲಾಟಿನಲ್ಲಿ ನಾವು ಆರು ಜನ. ಆರು ಜನಕ್ಕೂ ಊರಿನಲ್ಲಿ ಹೆಂಡತಿ ಇದ್ದರು, ಆದರೂ ಅಲ್ಲಿ ನಮ್ಮನ್ನು ಕರೆಯುವುದು ಬ್ಯಾಚುಲರ್ಸ್ ಎಂದು. ಶುಕ್ರವಾರದ ರಜೆ ಅಂದರೆ ನನಗೆ ಭಯ. ಕೆಲಸವಿಲ್ಲದಿದ್ದರೆ ಮನೆಯ ನೆನಪು ಬೆಳಗಿನಿಂದಲೇ ಶುರುವಾಗುತ್ತಿತ್ತು.

ಚಾಂಪಿಯನ್ನರಿಗೂ ಹಾಗೇ ಇತ್ತೆಂದು ಕಾಣುತ್ತದೆ. ಹೆಂಡತಿ ಬಿಟ್ಟುಹೋಗಿ ವರ್ಷಗಳಾಗಿತ್ತಂತೆ. ಶುಕ್ರವಾರವೂ ಕ್ಲಬ್ಬಿಗೆ ಬಂದು, ಒಬ್ಬರೇ ಕೂತು ಡಬ್ಬಿಯ ಮೀನು ತಿನ್ನುತ್ತಾರೆ ಎಂದು ವಾಚ್‌ಮನ್ ಹೇಳಿದ. ನನ್ನ ಮನಸ್ಸು ತಡೆಯಲಿಲ್ಲ. ಒಂದು ಶುಕ್ರವಾರ ಊಟಕ್ಕೆ ಕರೆದುಕೊಂಡು ಬಂದೆ.

ಅವರು ಮೀನುಸಾರು ಉಂಡು, ಮೂಗು ಒರೆಸಿಕೊಳ್ಳುತ್ತ, ಚಿನ್ನ ಗೆದ್ದ ದಿನದ ಕಥೆ ಹೇಳಿದರು. "ಗೆದ್ದೆ ಅಂತ ಯಾರಿಗಾದರೂ ಹೇಳೋಣ ಎಂದು ಹಿಂದೆ ತಿರುಗಿದೆ. ಹತ್ತಿರದಲ್ಲಿ ಯಾರೂ ಇಲ್ಲ. ಬರೀ ನೀರು."

ನಮ್ಮಲ್ಲೊಬ್ಬರು ಮೈಸೂರಿನ ಅಕೌಂಟೆಂಟ್. ಅವರು ನನ್ನ ಕಡೆ ಬಾಗಿ, "ಅಲ್ರೀ, ಹೋಗಿದ್ದೇ ಒಬ್ರು ಅಂದ್ಮೇಲೆ ಫಸ್ಟ್ ಬರದೆ ಇನ್ನೇನ್ರೀ?" ಎಂದರು.

ಏನೆಂದರು ಎಂದು ಚಾಂಪಿಯನ್ ಕೇಳಿದರು. ನಾನು ಹೆದರುತ್ತಲೇ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮುಂದಿನ ಶುಕ್ರವಾರ ಯಾರೂ ಕರೆಯದೆ ಬಂದರು, ಕೈಯಲ್ಲಿ ತಮ್ಮದೇ ತಟ್ಟೆ ಹಿಡಿದುಕೊಂಡು.

೩. ಅಪ್ಪನ ಧ್ವನಿ

ನನಗಿದ್ದ ಆಸೆ ಒಂದೇ. ಊರಿಗೆ ಹೋದಾಗ ಮಗಳು ನನ್ನನ್ನು ನೋಡಿ ಅಳಬಾರದು. ಮುಖ ಮರೆತರೂ ಧ್ವನಿ ಗೊತ್ತಾಗಬೇಕು. ಅದಕ್ಕೇ ಊರಿಗೆ ಹೋಗುವವರು ಸಿಕ್ಕಾಗಲೆಲ್ಲ ಒಂದು ಕ್ಯಾಸೆಟ್ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ.

ಫ್ಲಾಟಿನಲ್ಲಿ ಮಾತಾಡಿದರೆ ಐದು ಜನ ಕಿವಿಗೊಡುತ್ತಾರೆ. ಹಾಗಾಗಿ ಹಾಯಿ ಹೊಲಿಯುವ ಕೋಣೆಯ ಕಿಟಕಿಯ ಬಳಿ ಕೂರುತ್ತಿದ್ದೆ. "ಮಗಳೇ, ಊಟ ಆಯ್ತಾ?" ಎನ್ನುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಉಳಿದದ್ದು ಪಿಸುಮಾತು ಮತ್ತು ಮೂಗೊರೆಸುವ ಸದ್ದು. ಹೊರಗಡೆ ನೀರಿನ ಅಂಚಿನಲ್ಲಿ ಚಾಂಪಿಯನ್ ಮೆಗಾಫೋನ್ ಹಿಡಿದು, "ಯಲ್ಲಾ! ಯಲ್ಲಾ!" ಎಂದು ಅರಬ್ಬಿಯಲ್ಲಿ ದೋಣಿಯವರನ್ನು ಅವಸರಪಡಿಸಿ ಕೂಗುತ್ತಿದ್ದರು. ನಾನು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ವರ್ಷ ಕಳೆದ ಮೇಲೆ ಹೆಂಡತಿ ಬರೆದಳು: "ಕ್ಯಾಸೆಟ್ ಹಾಕಿದರೆ ಸಾಕು, ಮಗಳು ಅಪ್ಪ ಅಪ್ಪ ಎಂದು ಕುಣಿಯುತ್ತಾಳೆ." ನಾನು ಇಡೀ ಕ್ಲಬ್ಬಿಗೆ ಹಲ್ವಾ ಹಂಚಿದೆ.

ಆಮೇಲೆ ಮಗಳ ಧ್ವನಿಯ ಕ್ಯಾಸೆಟ್ಟೇ ಬಂತು. ಶುಕ್ರವಾರ ಊಟದ ಹೊತ್ತಿಗೆ ಎಲ್ಲರೂ ಸುತ್ತ ಕೂತರು, ಚಾಂಪಿಯನ್ನೂ ತಟ್ಟೆ ಸಮೇತ ಕೂತರು. ಗುಂಡಿ ಒತ್ತಿದೆ.

"ಅಪ್ಪಾ! ಯಲ್ಲಾ! ಯಲ್ಲಾ!" ಮಗಳು ಬೊಬ್ಬೆ ಹಾಕಿ ನಕ್ಕಳು. ಮತ್ತೆ ಗಂಭೀರವಾಗಿ ಕೇಳಿದಳು: "ಅಪ್ಪಾ, ನಿಮ್ಮ ಹತ್ರ ಕೂತು ಒಂದು ಮಾಮ ಅಳ್ತಾ ಇರ್ತಾರಲ್ಲ, ಅವರಿಗೆ ಎಂತ ಆಗಿದೆ?"

ಅಕೌಂಟೆಂಟ್ ಎದ್ದು, ಸರಿಯಾಗಿಯೇ ತಿರುಗುತ್ತಿದ್ದ ಫ್ಯಾನನ್ನು ಸರಿಮಾಡತೊಡಗಿದರು. ನನಗೆ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಚಾಂಪಿಯನ್ನರಿಗೆ ಅರ್ಥ ಹೇಳಿದೆ. ಅವರು ನಗಲು ಹೊರಟು, ನನ್ನ ಮುಖ ನೋಡಿ ನಿಲ್ಲಿಸಿದರು. ಕೆಳಗೆ ಹೋಗಿ ಕಾರಿನಿಂದ ಮೆಗಾಫೋನ್ ತಂದು ನನ್ನ ಕೈಗಿಟ್ಟರು. "ಇದರಲ್ಲಿ ಮಾತಾಡು. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ."

ಅಂದು ಅಲ್ಲೇ ರೆಕಾರ್ಡ್ ಮಾಡಿದೆ. "ಮಗಳೇ, ನಾನು ನಿನ್ನ ಅಪ್ಪ!" ಎಂದು ಅರಚಿದೆ. ಎದುರು ಕಟ್ಟಡದ ಮಲಯಾಳಿಗಳೆಲ್ಲ ಕಿಟಕಿಗೆ ಬಂದರು. ಅಷ್ಟು ಜೋರಾಗಿ ಕೂಗುವಾಗ ಗಂಟಲು ಕಟ್ಟುವುದಿಲ್ಲ ಎಂದು ಆಗಲೇ ಗೊತ್ತಾದದ್ದು. ಚಾಂಪಿಯನ್ ಕೊಟ್ಟ ಮಾತಿನಂತೆ ಬಾಯಿ ಬಿಡದೆ ಪಕ್ಕದಲ್ಲಿ ಕೂತಿದ್ದರು.

ಎರಡು ತಿಂಗಳ ಮೇಲೆ ಉತ್ತರ ಬಂತು. ಮಗಳು ಖುಷಿಯಲ್ಲಿದ್ದಳು.

"ಅಪ್ಪಾ, ಈಗ ಆ ಅಳುವ ಮಾಮ ಇಲ್ಲ ಅಲ್ವಾ? ಊರಿಗೆ ಹೋದ್ರಾ? ಒಳ್ಳೇದಾಯ್ತು. ಅವರ ಮಗಳು ಕಾಯ್ತಾ ಇದ್ದಳೋ ಏನೋ."