ಎಡಗಡೆಯ ಸ್ಪ್ರಿಂಗು

ಜಮೀನು ಅಳೆದು ನಿವೃತ್ತರಾದ ಮೋಜಣಿದಾರರಿಗೆ ಜಗತ್ತಿನಲ್ಲಿ ಸಹಿಸಲಾಗದ ಸಂಗತಿ ಒಂದೇ: ವಾಲುವುದು. ಗೋಡೆಯ ಮೇಲಿನ ಪಟ ಕೂದಲೆಳೆಯಷ್ಟು ವಾಲಿದರೂ ಅವರಿಗೆ ತುತ್ತು ಗಂಟಲಲ್ಲಿ ಇಳಿಯದು. (ಇದು ಉತ್ಪ್ರೇಕ್ಷೆಯಲ್ಲ, ಎಂಜಲು ಕೈಯಲ್ಲೇ ಪಟ ನೆಟ್ಟಗೆ ಮಾಡಿದ ಗುರುತು ಗೋಡೆಯ ಮೇಲೆ ಇಂದಿಗೂ ಉಂಟು.) ಇಂಥವರ ಕಾರೇ ವಾಲಬೇಕೆ?

ಕಾರೆಂದರೆ ಈಗಿನ ಸೋಪಿನ ಡಬ್ಬಿಗಳಂತಲ್ಲ. ಗುಂಡು ದೀಪ, ಉಬ್ಬಿದ ಮಡ್‌ಗಾರ್ಡು, ಬಾಗಿಲು ಹಾಕಿದರೆ ಬೀದಿಯ ಕೊನೆಯವರೆಗೂ ಕೇಳುವಂಥ ಗಾಂಭೀರ್ಯ. ಮದುವೆಗೆ ಮೊದಲೇ ಕೊಂಡದ್ದಾದ್ದರಿಂದ, 'ನನಗಿಂತ ಮುಂಚೆ ಮನೆ ತುಂಬಿದೋಳು' ಎಂದು ಹೆಂಡತಿ ಅದಕ್ಕೆ ಹಿರಿತನದ ಮರ್ಯಾದೆ ಕೊಟ್ಟಿದ್ದರು.

ಈ ಹಿರಿಯಳು ವರಾಂಡಕ್ಕೆ ಮುಖಮಾಡಿ ನಿಲ್ಲುವುದು ವಾಡಿಕೆ. ಮೋಜಣಿದಾರರು ಎದುರಿಗೆ ಬೆತ್ತದ ಕುರ್ಚಿ ಹಾಕಿಕೊಂಡು, ಪತ್ರಿಕೆಯ ಮೇಲಂಚಿನಿಂದ ಅವಳನ್ನು ಅವಲೋಕಿಸುತ್ತಿದ್ದರು. ಹಾಗೊಂದು ಬೆಳಗ್ಗೆ ಎಡಗಡೆಯ ದೀಪ ಬಲಗಡೆಯದಕ್ಕಿಂತ ತಗ್ಗಿದ್ದು ಕಣ್ಣಿಗೆ ಬಿತ್ತು. ಟೇಪು ಬಂತು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಕುಕ್ಕರುಗಾಲಿನಲ್ಲಿ ಕೂತು ಅಳೆದದ್ದಾಯಿತು. ಅನುಮಾನವಿಲ್ಲ, ಎಡಗಡೆ ಎರಡು ಬೆರಳು ಕುಸಿದಿದೆ. ಇನ್ನು ಎಡಗಡೆಯ ಮುಂದಿನ ಸೀಟಿನಲ್ಲಿ ಇಷ್ಟು ವರ್ಷ ಕೂತವರು ಯಾರು? ಮೊಮ್ಮಗಳನ್ನು ನೋಡಲು ಬೀಗರಾಗಲಿರುವವರು ಮನೆಗೆ ಬಂದಿದ್ದ ಹೊತ್ತಿನಲ್ಲೇ ಅವರು ತೀರ್ಪು ಕೊಟ್ಟುಬಿಟ್ಟರು.

"ಎಡಗಡೆ ಕೂರೋರ ಭಾರಕ್ಕೆ ಸ್ಪ್ರಿಂಗು ಸೋತಿದೆ. ಇದು ನನ್ನ ಅಭಿಪ್ರಾಯ ಅಲ್ಲ, ಅಳತೆ."

ಹೆಂಡತಿ ಬೀಗರ ಮುಂದಿನ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಆವತ್ತಿನಿಂದ ಕಾರು ಹತ್ತಲಿಲ್ಲ. ಪೇಟೆಗೆ ನಡೆದೇ ಹೋದರು, ದೂರವಾದರೆ ಬಸ್ಸು ಹಿಡಿದರು. ಒಮ್ಮೆ ತರಕಾರಿ ಚೀಲ ಹೊತ್ತು ಬರುತ್ತಿದ್ದಾಗ ಮೋಜಣಿದಾರರು ಪಕ್ಕದಲ್ಲೇ ಕಾರನ್ನು ತೆವಳಿಸುತ್ತ ಬಂದು ಬಾಗಿಲು ತೆರೆದರು. ಆಕೆ ಗಂಡನ ಕಡೆ ನೋಡದೆ ಬಾನೆಟ್ಟನ್ನು ಸವರಿ, "ನೀನು ಹೋಗಮ್ಮ, ನಿಂಗ್ಯಾಕೆ ಭಾರ" ಎಂದು ಮುಂದೆ ನಡೆದರು.

ಸಂಗತಿ ಕೈಮೀರಿದ್ದು ಮೊಮ್ಮಗಳ ಮದುವೆ ಗೊತ್ತಾದ ಮೇಲೆ. ತಾತನ ಕಾರಿನಲ್ಲೇ ಮದುವೆಮನೆಗೆ ಹೋಗಬೇಕು, ಮುಂದೆ ಅಜ್ಜಿ ಕೂತಿರಬೇಕು ಎಂಬುದು ಹುಡುಗಿಯ ಹಟ. ಅಜ್ಜಿ ಬಾರದಿದ್ದರೆ ಬಾಡಿಗೆ ಕಾರು. ತನ್ನ ಘನ ವಾಹನ ಮನೆಯಲ್ಲಿರುವಾಗ ಮೊಮ್ಮಗಳು ಬಾಡಿಗೆಯ ಸೋಪಿನ ಡಬ್ಬಿಯಿಂದ ಇಳಿಯುವುದನ್ನು ನೆನೆದೇ ಮೋಜಣಿದಾರರಿಗೆ ಎದೆ ಧಸಕ್ಕೆಂದಿತು. ರಾಜಿಗೆ ಅಜ್ಜಿಯ ಷರತ್ತು ಚಿಕ್ಕದೇ ಇತ್ತು: ತಪ್ಪು ತನ್ನದಲ್ಲವೆಂದು ಅವರ ಬಾಯಲ್ಲೇ ಬರಬೇಕು.

"ಮದುವೆ ಇದೆ ಅಂತ ಸತ್ಯ ಬದಲಾಯಿಸೋಕಾಗಲ್ಲ, ಸ್ಪ್ರಿಂಗು ಬದಲಾಯಿಸ್ತೀನಿ" ಎಂದು ಹೊರಟೇಬಿಟ್ಟರು ಮೋಜಣಿದಾರರು.

ಸ್ಪ್ರಿಂಗು ಆರಿಸುವುದು ವರ ನೋಡಿದಂತೆ. ತಂತಿ ದಪ್ಪವಾದರೆ ಗಡಸು, ಹಳ್ಳ ಸಿಕ್ಕಿದಾಗಲೆಲ್ಲ ಬೆನ್ನುಮೂಳೆಗೆ ಸುದ್ದಿ ಮುಟ್ಟುತ್ತದೆ. ತೆಳುವಾದರೆ ಮೆದು, ತಿರುವಿನಲ್ಲಿ ಕಾರು ತೂಕಡಿಸುತ್ತದೆ. ಸುರುಳಿ ಎತ್ತರವಾದಷ್ಟೂ ಕಾರು ತಲೆಯೆತ್ತಿ ನಿಲ್ಲುತ್ತದೆ. ಸ್ಪ್ರಿಂಗನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸುವುದೆಂದು ಗ್ಯಾರೇಜಿನವನು ಎರಡೆರಡು ಸಲ ಹೇಳಿದ. ಬಲಗಡೆಯದು ಸರಿಯಿರುವಾಗ ಅದನ್ನೇಕೆ ಮುಟ್ಟಬೇಕು ಎಂದು ಮೋಜಣಿದಾರರು ಗದರಿದರು. ಎತ್ತರದ, ದಪ್ಪ ತಂತಿಯ ಒಂಟಿ ಸುರುಳಿಯನ್ನೇ ಆರಿಸಿದರು. "ಎಡಕ್ಕೇನಾ ಸಾರ್?" ಎಂದು ಅವನು ತಲೆ ಕೆರೆದುಕೊಂಡಾಗಲಂತೂ ಅವರಿಗೆ ಪಿತ್ತ ನೆತ್ತಿಗೇರಿತು.

"ಊರೂರಿನ ಗಡಿ ಗುರುತಿಸಿದೋನಪ್ಪ ನಾನು. ನನಗೆ ಎಡಬಲ ಹೇಳಿಕೊಡ್ತೀಯಾ?"

ಅವನು ಹೇಳಿಕೊಡಲಿಲ್ಲ. ಹೇಳಿದ ಕಡೆ ಹಾಕಿ ಕಳಿಸಿದ.

ಮದುವೆಯ ಹಿಂದಿನ ಸಂಜೆ ಕಾರು ವರಾಂಡದ ಮುಂದೆ ಬಂದು ನಿಂತಿತು. ಮೋಜಣಿದಾರರು ಬೆತ್ತದ ಕುರ್ಚಿಯಲ್ಲಿ ಆಸೀನರಾಗಿ ಕಣ್ಣೆತ್ತಿದರು. ಎಡಗಡೆಯ ದೀಪ ಮೇಲೇಳುವ ಬದಲು ಇನ್ನೂ ತಗ್ಗಿತ್ತು. ಹಲ್ಲುನೋವಿನವರು ಅಂಗೈಗೆ ಕೆನ್ನೆ ಒರಗಿಸಿದಂತೆ ಇಡೀ ಕಾರು ಒಂದು ಕಡೆಗೆ ಒರಗಿತ್ತು. ಗ್ಯಾರೇಜಿನವನಿಗೆ ಶಾಪ ಹಾಕಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕಾಫಿ ತಂದರು. ಕಾರನ್ನು ನೋಡಿದರು, ಗಂಡನನ್ನು ನೋಡಿದರು.

"ರೀ, ಕುಸಿದಿರೋದು ಯಾವ ಕಡೆ?"

"ಕಾಣಲ್ವಾ? ಎಡಗಡೆ."

"ಸ್ಟಿಯರಿಂಗು ಯಾವ ಕಡೆ ಇದೆ?"

ಮೋಜಣಿದಾರರ ಕೈ ತಾನಾಗಿ ಮೇಲೆದ್ದು, ಕುಸಿದ ದೀಪದ ಹಿಂದಕ್ಕೇ ಬೆರಳು ತೋರಿಸಿತು. ಎದುರಿಗೆ ಕೂತು ನೋಡುವವನ ಎಡಗಡೆ ಕಾರಿಗೆ ಬಲಗಡೆ! ಊರೂರಿನ ಗಡಿ ಗುರುತಿಸಿದವರು ತಮ್ಮ ಕುರ್ಚಿಯ ದಿಕ್ಕನ್ನು ಮಾತ್ರ ಗುರುತಿಸಿರಲಿಲ್ಲ. ಸೋತ ಸ್ಪ್ರಿಂಗು ಚಾಲಕನ ಕಡೆಯದು. ಹೊಸತು ಎತ್ತಿದ್ದು, ಎತ್ತಬೇಕಾಗಿಯೇ ಇರದಿದ್ದ ಹೆಂಡತಿಯ ಕಡೆಯನ್ನು. ಕಾಫಿ ಆರಿತು.

ಗ್ಯಾರೇಜು ಮುಚ್ಚಿತ್ತು, ಬೆಳಗಾದರೆ ಮದುವೆ. ಮೊಮ್ಮಗಳು, ಗುಳ್ಳೆ ನಡುಗೆರೆಯಲ್ಲಿ ನಿಂತರೆ ಸಮ ಎನ್ನುವ ತಾತನ ಹಳೆಯ ರಸಮಟ್ಟವನ್ನು ತಂದು ಡ್ಯಾಶ್‌ಬೋರ್ಡಿನ ಮೇಲೆ ಅಡ್ಡಲಾಗಿ ಇಟ್ಟಳು. ತಾತ ಸ್ಟಿಯರಿಂಗಿನ ಹಿಂದೆ ಕೂತೊಡನೆ ಅದರ ಗುಳ್ಳೆ ಎತ್ತರವಾಗಿದ್ದ ಎಡ ಮೂಲೆಗೆ ಓಡಿ ಅವಿತುಕೊಂಡಿತು. ಅವರನ್ನು ಇಳಿಸಿ ಕಡ್ಡಿಯಂಥ ಮೊಮ್ಮಗಳೇ ಕೂತಳು. ಗುಳ್ಳೆ ತುಸು ಇಣುಕಿತು. ಇನ್ನು ಎಡಗಡೆಗೆ ಭಾರ ಬೇಕು.

ಯಾವ ಭಾರವನ್ನು ಬೀಗರೆದುರು ದೂರಿದ್ದರೋ ಅದನ್ನೇ ಈಗ ಕೈಮುಗಿದು ಕರೆಯಬೇಕಾಯಿತು. ಮೋಜಣಿದಾರರು ಕೆಮ್ಮಿದರು. "ತಪ್ಪು ನಿನ್ನದಲ್ಲ ಕಣೇ."

"ಯಾರದ್ದು ಅಂತಾನೂ ಹೇಳಿ. ನಿಮಗೆ ಅಳತೆ ಪೂರ್ತಿಯಾಗಿರಬೇಕಲ್ಲ."

"ನನ್ನದು."

ಹೆಂಡತಿ ಸೆರಗು ಸರಿಮಾಡಿಕೊಂಡು, ಪಟ್ಟಾಭಿಷೇಕಕ್ಕೆ ಹೊರಟವರಂತೆ ಎಡಗಡೆಯ ಸೀಟಿನಲ್ಲಿ ಕೂತರು. ಗುಳ್ಳೆ ನಡುವಿನ ಗೆರೆಯ ಹತ್ತಿರಕ್ಕೆ ಬಂದು, ಕೂದಲೆಳೆಯಷ್ಟು ಆಚೆಗೇ ನಿಂತಿತು. ಕೂದಲೆಳೆಯಷ್ಟು ವಾಲಿದರೂ ಸಹಿಸಲಾರದವರು ಕಿಟಕಿಯ ಹೊರಗೆ ಟೇಪು ಹಿಡಿದು ನಿಂತಿದ್ದರು.

ಮರುದಿನ ಬೆಳಗ್ಗೆ ಬೀದಿಯವರೆಲ್ಲ ನೋಡುವಂತೆ, ರೇಷ್ಮೆಸೀರೆಯ ಮದುಮಗಳು ತಾನೇ ಕಾರು ನಡೆಸಿಕೊಂಡು ಹೊರಟಳು. ಪಕ್ಕದಲ್ಲಿ ಅಜ್ಜಿ. ರಸಮಟ್ಟದ ಗುಳ್ಳೆ ಗೆರೆಯ ಮೇಲೆ ತೊಟ್ಟಿಲ ಮಗುವಿನಂತೆ ಮಲಗಿತ್ತು. ಏಕೆಂದರೆ ಹೊರಡುವ ಮುನ್ನ ಅಜ್ಜಿ ಹಿಂದಿನ ಬಾಗಿಲು ತೆರೆಸಿ, ಕೀಲಿಕೈ ಹಿಡಿದು ನಿಂತಿದ್ದ ಗಂಡನಿಗೆ ಜಾಗ ತೋರಿಸಿದ್ದರು.

"ಹಿಂದೆ ಎಡಗಡೆ ಕೂತ್ಕೊಳ್ಳಿ ರೀ. ಎಡ ಯಾವುದು ಅಂತ ಗೊತ್ತಾಗದಿದ್ರೆ, ನಾನು ಕೂತಿರೋ ಕಡೆ."