ನಡುಗೋಡೆಯಿಂದ ಸುರಿದ ಜೋಳ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ಆದರೂ ಮೂರು ಸಲ ತಿದ್ದಿ ಬರೆದಿದ್ದೇನೆ. ನಮ್ಮಪ್ಪ ಗುರುಸಂಗಪ್ಪ ಅಂಜಿದ್ದನ್ನಾದರೂ ತಪ್ಪಿಲ್ಲದೆ ಬರೆಯಬೇಕಲ್ಲ.

ಅಂಜುವ ಮೊದಲು ಗುರುಸಂಗಪ್ಪ ಮಹಾಶೂರ. ಕೊಟ್ಟೂರಿನ ಸಂತೆಯಲ್ಲಿ ತಾಡಪಾಲಿನ ಮೇಲೆ ಹರವಿದ್ದ ನೀಲಿ ಡ್ರಿಲ್ ಮಷಿನ್ನನ್ನು ಮುನ್ನೂರೈವತ್ತಕ್ಕೆ ತಂದು, ಖಡ್ಗದಂತೆ ಮೇಲೆತ್ತಿ ಸಾರಿದ: "ಇನ್ಮ್ಯಾಲೆ ಈ ಮನಿಗೆ ಬಡಿಗ್ಯಾರ ಪಕ್ಕೀರಪ್ಪ ಬರಂಗಿಲ್ಲ. ಹಿತ್ತಲಾಗ ನಂದ ಕಾರ್ಖಾನಿ."

"ಅಂಗಡ್ಯಾಗ ಇದಕ್ಕ ಎರಡು ಸಾವಿರ ಅಂತಾರ," ಎಂದಳು ಹೆಂಡತಿ, ಅಂದರೆ ನಮ್ಮವ್ವ, ಸುಕನ್ಯಾ.

"ಅದು ಕಂಪನಿ ಹೆಸರಿಗೆ ಕೊಡೋ ರೊಕ್ಕ. ಒಳಗ ಅದ ತಾಮ್ರ, ಅದ ಕಬ್ಬಿಣ."

"ನೀವು ಒಳಗ ನೋಡೀರೇನು?"

ನೋಡಿರಲಿಲ್ಲ. ಅದಕ್ಕೇ ಆಗಲೇ ಮೊದಲ ದಂಡಯಾತ್ರೆಗೆ ಹೊರಟ. ನಡುಗೋಡೆಗೆ ಹಲಗೆ ಕೂರಿಸುವುದು.

ಅದು ಅಂಥಿಂಥ ಗೋಡೆಯಲ್ಲ. ಅಪ್ಪನ ಅಣ್ಣ ನಾಗೇಂದ್ರಪ್ಪ ಬೇರೆಯಾದಾಗ ಒಂದೇ ಮನೆಯ ನಡುವೆ ಎಬ್ಬಿಸಿದ, ಗೇಣು ದಪ್ಪದ ಮಣ್ಣಿನ ಗೋಡೆ. ಒಂದು ಮೊಳೆ ಹೊಡೆಯುವುದಿದ್ದರೂ ಆ ಕಡೆಯವರನ್ನು ಕೇಳಿ ಹೊಡೆಯಬೇಕೆಂದು ಹಿರಿಯರು ಕರಾರು ಮಾಡಿದ್ದರು. ಮೂರು ವರ್ಷ ಮಾತು ಬಿಟ್ಟಿದ್ದ ಅಣ್ಣ ಹೋದ ತಿಂಗಳು ಯುಗಾದಿಯಲ್ಲಷ್ಟೇ, "ಊಟ ಆತೇನಪ?" ಎಂದಿದ್ದ. ಆ ಒಂದು ಮಾತನ್ನು ಗುರುಸಂಗಪ್ಪ ಗಾಜಿನ ಬಳೆಯಂತೆ ಜೋಪಾನ ಮಾಡಿಕೊಂಡು ಬಂದಿದ್ದ.

"ಭಾವಗ ಕೇಳಿದ್ರೇನು?"

"ಅಣ್ಣ ಹೊಲಕ್ಕ ಹೋಗ್ಯಾನ. ಅವ ಬರಾದ್ರಾಗ ಮುಗಿತೈತಿ."

ತೀರಿಹೋದ ತಂದೆ ಕಲಿಸಿದ ಲೆಕ್ಕದಂತೆ ತೊಲೆಯಿಂದ ಮೂರು ಮೊಳ ಕೆಳಗೆ, ಕಂಬದಿಂದ ಎರಡು ಮೊಳ ಈಚೆಗೆ ಅಳೆದು ಗುರುತು ಹಾಕಿದ. ಗುಂಡಿ ಒತ್ತಿದ. ಮಷಿನ್ನು ಕಿರುಚಿತು, ನಡುಗಿತು, ಬೆನ್ನಿನಿಂದ ಕಿಡಿ ಉಗುಳಿತು. ಅದರ ಮೂತಿಯ, ಗೇಣಿಗೂ ಉದ್ದದ ಕೊರೆಯುವ ಮುಳ್ಳು ನಾಲ್ಕು ಬೆರಳು ಒಳಗೆ ಹೋಗಿ ಕಚ್ಚಿಕೊಂಡಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಒತ್ತಿದ ಗುಂಡಿ ಮೇಲೆ ಬರಲಿಲ್ಲ. ಉಗುರಿನಿಂದ ಕೆದಕಿದರೂ ಬರಲಿಲ್ಲ. ಎಣ್ಣೆ ಬಿಡೋಣವೆಂದು ಅಡುಗೆಮನೆಗೆ ಹೋದ. ಪಿನ್ನು ಕೀಳುವುದು ಮರೆತ.

ಕರೆಂಟು ಬಂತು.

ಯಾರೂ ಮುಟ್ಟದ ಮಷಿನ್ನು ಗೋಡೆಗೆ ನೇತಾಡುತ್ತ ದೇವರು ಮೈಮೇಲೆ ಬಂದಂತೆ ಗರಗರ ತಿರುಗತೊಡಗಿತು. ವೈರು ಹಾವಿನಂತೆ ಎದ್ದೆದ್ದು ಬಡಿಯಿತು. ಓಡಿಹೋಗುವುದೆಂದುಕೊಂಡ ಗುರುಸಂಗಪ್ಪ ಅದು ಹೇಗೋ ಅದರ ಮೇಲೆಯೇ ಬಿದ್ದು ಎರಡೂ ಕೈಯಲ್ಲಿ ಅಮುಕಿ ಹಿಡಿದ. ಮುಳ್ಳು ಒಮ್ಮೆಲೇ ಸರ್ರನೆ ಬುಡದವರೆಗೂ ಇಳಿಯಿತು. ಗಪ್ಪನೆ ಹೊಗೆ. ಸುಕನ್ಯಾ ಒಣ ಕೋಲಿನಿಂದ ಪಿನ್ನು ಕಿತ್ತಳು.

ಹಲ್ಲು ಕಟಕಟ ಎನ್ನುತ್ತಿದ್ದರೂ ಗುರುಸಂಗಪ್ಪ ಸೋಲಲಿಲ್ಲ. "ನೋಡಿದಿ? ಬೆಣ್ಯಾಗ ಹೋದಂಗ ಹೋತು. ಮುನ್ನೂರೈವತ್ತರ ಮಾಲು."

ಮುಳ್ಳನ್ನು ಹೊರಗೆಳೆದ. ಅದರ ಹಿಂದೆ ಒಂದು ಜೋಳದ ಕಾಳು ಬಂತು. ಇನ್ನೊಂದು ಬಂತು. ಆಮೇಲೆ ಸೊರ್ರನೆ ಸುರಿಯಿತು.

ಗೋಡೆಯಾಚೆ ಅಣ್ಣ ಜೋಳದ ಚೀಲ ಒಟ್ಟಿದ್ದ! ಗುರುಸಂಗಪ್ಪ ಗಾಬರಿಯಲ್ಲಿ ತೂತಿಗೆ ಬೆರಳು ತುರುಕಿದ. ಗೋಡೆ ಕೊರೆದು ಒಡಹುಟ್ಟಿದವನ ಜೋಳ ಕದ್ದ ಎನ್ನುತ್ತದೆ ಊರು. ಅಣ್ಣ ಇನ್ನು ಸಾಯುವವರೆಗೂ ಊಟ ಆಯಿತೇ ಎಂದು ಕೇಳುವುದಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ನಾಗೇಂದ್ರಪ್ಪ ನಿಂತಿದ್ದ. "ಊಟ ಆತೇನಪ?"

"ಆತಣ್ಣ."

"ಗ್ವಾಡಿಗೆ ಯಾಕ ಬೊಟ್ಟು ಇಟ್ಟಿ?"

"ಗ್ವಾಡಿ ತಣ್ಣಗೈತೇನಂತ ನೋಡಾಕತ್ತೀನಿ."

ನಾಗೇಂದ್ರಪ್ಪ ನೆಲದ ಜೋಳ ನೋಡಿದ, ಹೊಗೆಯಾಡುವ ಮಷಿನ್ನು ನೋಡಿದ. ಮುಖ ಕಪ್ಪಿಟ್ಟಿತು. ಚಪ್ಪಲಿ ಮೆಟ್ಟಿ ಹೊರಟುಹೋದ.

"ಹಿರೇರ್ನ ಕರ್ಯಾಕ ಹೋದ," ಎಂದ ಗುರುಸಂಗಪ್ಪ.

ನಾಗೇಂದ್ರಪ್ಪ ಒಬ್ಬನೇ ತಿರುಗಿ ಬಂದ. ಕೈಯಲ್ಲಿ ಅಂಥದ್ದೇ ಒಂದು ನೀಲಿ ಮಷಿನ್ನು.

"ನಾನೂ ಯುಗಾದಿ ಸಂತ್ಯಾಗ ತಂದಿದ್ದೆ," ಎಂದ, ನೆಲ ನೋಡುತ್ತ. "ಅಪ್ಪ ಹೇಳಿದಂಗ ಅಳದು ಇದ ಜಾಗಕ್ಕ ಆ ಕಡಿಂದ ಹಚ್ಚಿದೆ. ಅರ್ಧ ಗ್ವಾಡಿಗೆ ಸುಟ್ಟು ಹೋತು. ಕರಾರು ಮುರದಿದ್ದು ನಿನಗ ಗೊತ್ತಾದೀತಂತ ಅಂಜಿ ಚೀಲ ಒಟ್ಟಿ ಮುಚ್ಚಿದೆ. ಮನಸ್ಸು ತಡೀಲಿಲ್ಲ, ಅದಕ್ಕ ಅವತ್ತು ಮಾತಾಡಿಸಿದೆ."

ಸುಕನ್ಯಾ ಬೆಣ್ಣೆಯ ಮಾತು ಮರೆತಿರಲಿಲ್ಲ. "ಅಂದ್ರ ಎರಡು ಮಷಿನ್ ಸತ್ತು ಒಂದು ತೂತು ಆತು ಅನ್ರಿ."

ಗುರುಸಂಗಪ್ಪ ಅಣ್ಣನ ಕಡೆ ತಿರುಗಲು ನೋಡಿದ. ಆಗಲಿಲ್ಲ.

"ಪಕ್ಕೀರಪ್ಪನ್ನ ಕರೀರಿ," ಎಂದ ಮೆಲ್ಲಗೆ. "ಬೊಟ್ಟು ಬರವಲ್ದು."

ಪಕ್ಕೀರಪ್ಪ ಉಳಿ ಹಿಡಿದು ಬಂದು ಬೆರಳು ಬಿಡಿಸಿ ಹೋದ.

ನಾಳೆ ನಾನು ಬಿದ್ದ ಜೋಳವನ್ನು ಮೊರದಲ್ಲಿ ಕೇರಿ ದೊಡ್ಡಪ್ಪನ ಮನೆಗೆ ಕೊಟ್ಟು ಬಂದು, ಆ ತೂತಿಗೆ ಮಣ್ಣು ಮೆತ್ತುತ್ತೇನೆ. ಎರಡೂ ಕಡೆಯವರನ್ನು ಕೇಳಿಯೇ ಮೆತ್ತುತ್ತೇನೆ.